ಕಿಡ್ನಿ ಕಸಿ "95% ಸಕ್ಸಸ್" ಅಂತಾರೆ. ಯಾವುದರ 95? ಎಷ್ಟು ವರ್ಷಕ್ಕೆ?

ದಾವಣಗೆರೆ_ಅಕ್ಕ
ತಮ್ಮನಿಗೆ 29 ವರ್ಷ, ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೀತಿದೆ. ಅಮ್ಮ ಕಿಡ್ನಿ ಕೊಟ್ಟೇ ಕೊಡ್ತೀನಿ ಅಂತ ಕೂತಿದಾರೆ, ಬ್ಲಡ್ ಗ್ರೂಪೂ ಒಂದೇ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೌನ್ಸೆಲಿಂಗ್ ಆಯ್ತು. ಅಲ್ಲಿನ ಕೋಆರ್ಡಿನೇಟರ್ ಮೇಡಂ ತಿರುಗಿಸಿ ತಿರುಗಿಸಿ ಒಂದೇ ಮಾತು ಹೇಳಿದ್ರು, "ನಮ್ಮಲ್ಲಿ 95% ಸಕ್ಸಸ್". ಯಾವುದರ 95 ಮೇಡಂ ಅಂತ ಕೇಳಿದ್ದಕ್ಕೆ "ಭಯ ಪಡಬೇಡಿ" ಅಂದ್ರು. ನಾನು ಕೇಳಿದ್ದು ಲೆಕ್ಕ.

ಮನೇಲಿ ದೊಡ್ಡಮಾವಂದು ಬೇರೆ ರಾಗ. ಹಾಕಿಸಿದ ಕಿಡ್ನಿ ಹತ್ತು ವರ್ಷಕ್ಕೆ ಹೋಗುತ್ತೆ, ಒಬ್ಬ ರೋಗಿ ಇರೋ ಮನೇಲಿ ಇಬ್ಬರಾಗ್ತಾರೆ, ಡಯಾಲಿಸಿಸ್ಸೇ ಸಾಕು ಅಂತಾರೆ. ಅಮ್ಮ ಅವರ ಮಾತು ಕೇಳಿಸ್ಕೊಳ್ಳೋದೂ ಇಲ್ಲ. ನಾನು ಮಧ್ಯದಲ್ಲಿ.

ಕಸಿ ಆದವರು ನಿಜವಾಗಿ ಹೆಚ್ಚು ಕಾಲ ಬದುಕ್ತಾರಾ? ಕೊಟ್ಟವರಿಗೆ ಮುಂದೆ ಏನಾಗುತ್ತೆ? ಇದರ ಬಗ್ಗೆ ಸಂಶೋಧನೆ ಆಗಿರಲೇಬೇಕಲ್ಲ. ಓದಿಕೊಂಡಿರೋರು, ಅನುಭವ ಇರೋರು ದಯವಿಟ್ಟು ತಿಳಿಸಿ.

ಶಿವಮೊಗ್ಗ_ಸೀಮೆ
ನಾನು ಕಸಿ ಆದವನು. ಅಪ್ಪ ಕೊಟ್ರು. ಈಗ ಅಡಿಕೆ ತೋಟದ ಕೆಲಸ ಎಲ್ಲಾ ನಾನೇ ನೋಡ್ಕೋತೀನಿ. ಯೋಚನೆ ಮಾಡದೆ ಮಾಡಿಸಿ ಅಕ್ಕಾ.

ಹುಬ್ಬಳ್ಳಿ_ಮಂದಿ
@ಶಿವಮೊಗ್ಗ_ಸೀಮೆ ನಿಮ್ದು ಚಲೋ ಆತು, ಖುಷಿ ಆತ್ರೀ. ಆದ್ರ ನಮ್ಮ ಕಾಕಾಂದು ಎರಡನೇ ವರ್ಷಕ್ಕ ಫೇಲ್ ಆತು, ಮತ್ತ ಡಯಾಲಿಸಿಸ್‌ಗೆ ಬಂದ್ರು. ನಿಮ್ಮ ಕಥಿ ಕೇಳಿ ಮಾಡಿಸೂದೂ ತಪ್ಪ, ನಮ್ಮ ಕಥಿ ಕೇಳಿ ಬಿಡೂದೂ ತಪ್ಪ. ಅಕ್ಕಾರು ಕೇಳಿದ್ದು ಸಾವಿರಾರು ಮಂದಿ ಲೆಕ್ಕ. ಅದನ್ನ ಯಾರರ ಹೇಳ್ರಿ.

ಅಂಕಿಸಂಖ್ಯೆ_ದುರ್ಗ
ಊರು ಚಿತ್ರದುರ್ಗ, ಇರೋದು ಮಿನಿಯಾಪೊಲಿಸ್. ಕ್ಲಿನಿಕಲ್ ಟ್ರಯಲ್‌ಗಳ ಸ್ಟ್ಯಾಟಿಸ್ಟಿಕ್ಸ್ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

95 ಅನ್ನೋದು ಸುಳ್ಳಿರಲಿಕ್ಕಿಲ್ಲ, ಆದರೆ ಅರ್ಧ ಮಾತು. ಮೊದಲು ಕೇಳಬೇಕಾದ್ದು, ಉಳಿದದ್ದು ಯಾರು? ರೋಗಿಯಾ, ಕಿಡ್ನಿಯಾ? ಕಿಡ್ನಿ ಕೆಟ್ಟರೂ ಮನುಷ್ಯ ಡಯಾಲಿಸಿಸ್ ಮೇಲೆ ಬದುಕಿರಬಹುದು. ಹಾಗಾಗಿ "ರೋಗಿ ಬದುಕಿದ್ದಾರೆ" ಅನ್ನೋ ಸಂಖ್ಯೆ "ಕಿಡ್ನಿ ಕೆಲಸ ಮಾಡ್ತಿದೆ" ಅನ್ನೋದಕ್ಕಿಂತ ದೊಡ್ಡದಾಗಿರುತ್ತೆ. ಮೂರನೇ ಲೆಕ್ಕವೂ ಒಂದಿದೆ. ಕಿಡ್ನಿ ಚೆನ್ನಾಗಿದ್ದಾಗಲೇ ರೋಗಿ ಹೃದಯಾಘಾತದಿಂದಲೋ ಸೋಂಕಿನಿಂದಲೋ ತೀರಿಕೊಂಡ್ರೆ, ಅದನ್ನ ಕಿಡ್ನಿ ವಿಫಲ ಆಯ್ತು ಅಂತ ಹಿಡಿಯದೆ ಬಿಡೋದು. ವೈದ್ಯಕೀಯ ಪತ್ರಿಕೆಗಳಲ್ಲಿ ಈ ಮೂರನ್ನೂ ಬೇರೆ ಬೇರೆ ಕೊಡ್ತಾರೆ. ಕೌನ್ಸೆಲಿಂಗ್ ಕೋಣೆಯಲ್ಲಿ ಮೂರೂ ಸೇರಿ "ಸಕ್ಸಸ್" ಆಗುತ್ತೆ.

ಎರಡನೇದು ಅವಧಿ. 95ರ ಆಸುಪಾಸಿನ ಸಂಖ್ಯೆ ಸಾಮಾನ್ಯವಾಗಿ ಒಂದು ವರ್ಷದ್ದು. ನಿಮ್ಮ ತಮ್ಮನಿಗೆ 29, ಅವನಿಗೆ ಬೇಕಿರೋದು ಇಪ್ಪತ್ತು ಮೂವತ್ತು ವರ್ಷದ ಲೆಕ್ಕ. ಅಮೆರಿಕದ ದತ್ತಾಂಶದ ಮೇಲೆ 2021ರಲ್ಲಿ ಬಂದ ವಿಶ್ಲೇಷಣೆ ಪ್ರಕಾರ, 1995–99ರಲ್ಲಿ ಬದುಕಿರುವ ದಾನಿಯ ಕಿಡ್ನಿಗಳಲ್ಲಿ ಅರ್ಧದಷ್ಟು 12.1 ವರ್ಷ ದಾಟುತ್ತಿದ್ದವು, 2014–17ರಲ್ಲಿ ಹಾಕಿದವಕ್ಕೆ ಅಂದಾಜು 19.2 ವರ್ಷ. ಮೃತ ದಾನಿಯದ್ದಾದರೆ 8.2ರಿಂದ 11.7ಕ್ಕೆ ಏರಿದೆ. ನಿಮ್ಮ ದೊಡ್ಡಮಾವ ಹೇಳಿದ ಹತ್ತು ವರ್ಷ ಹಳೇ ಕಾಲದ ಸಂಖ್ಯೆಗೆ ಹತ್ತಿರ ಇದೆ, ಅವರು ಗಾಳಿಯಲ್ಲಿ ಹೇಳಿದ್ದಲ್ಲ. ಆದರೆ ತಾಯಿ ಕೊಟ್ಟ ಕಿಡ್ನಿಗೆ, ಈ ಕಾಲಕ್ಕೆ, ಅದು ಹೊಂದಲ್ಲ. ಅರ್ಧದಷ್ಟು ಅನ್ನೋದನ್ನೂ ಗಮನಿಸಿ. 19 ವರ್ಷ ಗ್ಯಾರಂಟಿ ಅಂತ ಅರ್ಥ ಅಲ್ಲ, 19ಕ್ಕೆ ಮುಗೀತು ಅಂತಲೂ ಅಲ್ಲ.

ಹುಬ್ಬಳ್ಳಿ_ಮಂದಿ
ಇದು ಲೆಕ್ಕ ಅಂದ್ರ! ಆದ್ರ ಒಂದು ತಕರಾರು ಐತಿ. ಕಸಿ ಆದವರು ಡಯಾಲಿಸಿಸ್ ಮಂದಿಗಿಂತ ಜಾಸ್ತಿ ಬದುಕ್ತಾರ ಅಂತ ಎಲ್ಲಾರೂ ಅಂತಾರ. ಬದುಕೂದ ಸೈ ಬಿಡ್ರಿ. ಗಟ್ಟಿ ಇದ್ದವರನ್ನ ಆರಿಸಿ ಆಪರೇಷನ್ ಮಾಡ್ತಾರ. ಹಾರ್ಟ್ ಹಾಳಾದವರು, 75 ದಾಟಿದವರು ಡಯಾಲಿಸಿಸ್‌ನಾಗ ಉಳೀತಾರ. ಆ ಎರಡು ಗುಂಪು ಹೋಲಿಸಿದ್ರ ಏನ್ ಹೇಳಿದಂಗಾತು?

ಮೈಸೂರು_ನೆಫ್ರೋ
@ಹುಬ್ಬಳ್ಳಿ_ಮಂದಿ ಸರಿಯಾದ ಪ್ರಶ್ನೆ. ನಾನು ನೆಫ್ರಾಲಜಿಸ್ಟ್, ಅಂದ್ರೆ ಕಿಡ್ನಿ ತಜ್ಞ. ಇದಕ್ಕೆ ಉತ್ತರ ಹುಡುಕಿದ್ದು 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ವುಲ್ಫ್ ಮತ್ತು ಸಂಗಡಿಗರ ಅಧ್ಯಯನ. ಅಮೆರಿಕದ ಎರಡು ಲಕ್ಷಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ದಾಖಲೆ. ಅವರು ಕಸಿ ಆದವರನ್ನು ಎಲ್ಲಾ ಡಯಾಲಿಸಿಸ್ ರೋಗಿಗಳ ಜೊತೆ ಹೋಲಿಸಿ ಸುಮ್ಮನಾಗಲಿಲ್ಲ. ಕಸಿಗೆ ಯೋಗ್ಯರು ಅಂತ ಕಾಯುವ ಪಟ್ಟಿಗೆ ಸೇರಿ, ಇನ್ನೂ ಕಿಡ್ನಿ ಸಿಗದೆ ಕಾಯ್ತಿರೋರ ಜೊತೆ ಹೋಲಿಸಿದರು. ಎರಡೂ ಕಡೆ "ಗಟ್ಟಿ ಇದ್ದವರೇ".

ಮೊದಲ ಎರಡು ವಾರ ಕಸಿ ಆದವರಲ್ಲಿ ಸಾವಿನ ಅಪಾಯ ಕಾಯುವವರಿಗಿಂತ 2.8 ಪಟ್ಟು ಹೆಚ್ಚಿತ್ತು. ಇದನ್ನು ರೋಗಿಗಳಿಗೆ ಹೇಳಲೇಬೇಕು, ಬಹಳ ಕಡೆ ಹೇಳೋದಿಲ್ಲ. ದಿನ ಕಳೆದ ಹಾಗೆ ಅದು ತಿರುಗಿ, 18 ತಿಂಗಳ ಹೊತ್ತಿಗೆ ಅಪಾಯ ಕಾಯುವವರ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. 20ರಿಂದ 39 ವಯಸ್ಸಿನವರಿಗೆ ಮುಂದಿನ ಆಯುಷ್ಯದ ಅಂದಾಜು ಪಟ್ಟಿಯಲ್ಲೇ ಉಳಿದರೆ 14 ವರ್ಷ, ಕಸಿ ಆದರೆ 31. ಅದೂ ಮೃತ ದಾನಿಗಳ ಕಿಡ್ನಿಯ ಲೆಕ್ಕ. ಬದುಕಿರುವ ದಾನಿಯದ್ದು ಇನ್ನೂ ಮೇಲು.

ಹುಬ್ಬಳ್ಳಿ_ಮಂದಿ
ಪಟ್ಟಿಯೊಳಗಿನವರ ಜೋಡಿ ಹೋಲಿಸ್ಯಾರ ಅಂದ್ರ ಒಪ್ಪಿದೆ ಸರ. ಆದ್ರ ಅದು ಅಮೆರಿಕಾ.

ಮೈಸೂರು_ನೆಫ್ರೋ
ಹೌದು, ಅಮೆರಿಕ. ನಮ್ಮಲ್ಲಿ ಕ್ಷಯ ಹೆಚ್ಚು, ಸೋಂಕು ಹೆಚ್ಚು, ಹಣ ಇಲ್ಲದೆ ಮಾತ್ರೆ ನಿಲ್ಲಿಸೋದು ಹೆಚ್ಚು. ಆದರೆ ನಮ್ಮ ಡಯಾಲಿಸಿಸ್ಸೂ ಅಮೆರಿಕದ ಡಯಾಲಿಸಿಸ್ ಅಲ್ಲ. ವಾರಕ್ಕೆ ಮೂರು ಬೇಕಾದಲ್ಲಿ ಎರಡೇ ಮಾಡಿಸ್ಕೊಳ್ಳೋರು ಎಷ್ಟೋ ಜನ.

ಡಯಾಲಿಸಿಸ್_ಟೆಕ್ನಿಷಿಯನ್
ತಾಲ್ಲೂಕು ಆಸ್ಪತ್ರೆ ಯೂನಿಟ್‌ನಲ್ಲಿ ಕೆಲಸ ಮಾಡ್ತೀನಿ. ಎರಡೇ ಮಾಡಿಸ್ಕೊಳ್ಳೋರು ಅನ್ನೋದು ನೂರಕ್ಕೆ ನೂರು ನಿಜ. ಬಸ್ ಚಾರ್ಜು, ಒಂದು ದಿನದ ಕೂಲಿ, ಜೊತೆಗೆ ಬರೋರ ಕೂಲಿ. ಡಯಾಲಿಸಿಸ್ ಉಚಿತ ಇದ್ರೂ ಅಷ್ಟು ಖರ್ಚು ಇದ್ದೇ ಇದೆ.

ಕುಡ್ಲ_ಮಾರಾಯ
ಅಲ್ಲ ಮಾರಾಯ್ರೆ, ಡಯಾಲಿಸಿಸ್ ಎಷ್ಟು ವರ್ಷ ಮಾಡಿ ಆಮೇಲೆ ಕಸಿ ಮಾಡಿದ್ರೂ ಒಂದೇಯಾ? ನನ್ನ ಭಾವನಿಗೆ ಡಾಕ್ಟ್ರು "ನಿಧಾನ ನೋಡುವ" ಅಂತ ಹೇಳಿ ಮೂರು ವರ್ಷ ಆಯ್ತು.

ಅಂಕಿಸಂಖ್ಯೆ_ದುರ್ಗ
@ಕುಡ್ಲ_ಮಾರಾಯ ಒಂದೇ ಅಲ್ಲ. ಇದರ ಮೇಲೆ 2002ರಲ್ಲಿ ಬಂದ ಒಂದು ಅಧ್ಯಯನ ನನಗೆ ಬಹಳ ಇಷ್ಟ, ಏಕೆಂದರೆ ವಿನ್ಯಾಸ ಅಷ್ಟು ಚೊಕ್ಕ. ಒಬ್ಬ ಮೃತ ದಾನಿಯಿಂದ ಎರಡು ಕಿಡ್ನಿ ಬರುತ್ತೆ. ಒಂದು, ಆರು ತಿಂಗಳೂ ಡಯಾಲಿಸಿಸ್ ಆಗಿರದ ರೋಗಿಗೆ. ಅದರ ಜೋಡಿ, ಎರಡು ವರ್ಷಕ್ಕೂ ಹೆಚ್ಚು ಡಯಾಲಿಸಿಸ್‌ನಲ್ಲಿದ್ದ ರೋಗಿಗೆ. ಇಂಥ ಜೋಡಿಗಳನ್ನೇ ಆರಿಸಿ ನೋಡಿದರು. ದಾನಿ ಒಬ್ಬರೇ ಆದ್ದರಿಂದ "ಅವರದ್ದು ಒಳ್ಳೇ ಕಿಡ್ನಿ, ಇವರದ್ದು ಕೆಟ್ಟ ಕಿಡ್ನಿ" ಅನ್ನೋ ತಕರಾರಿಗೆ ಜಾಗ ಇಲ್ಲ. ಹತ್ತು ವರ್ಷಕ್ಕೆ ಮೊದಲ ಗುಂಪಿನಲ್ಲಿ 63% ಕಿಡ್ನಿ ಕೆಲಸ ಮಾಡ್ತಿದ್ದವು, ಎರಡನೇದರಲ್ಲಿ 29%. ಬಹಳ ದಿನ ಡಯಾಲಿಸಿಸ್‌ನಲ್ಲಿ ಇರೋರ ಆರೋಗ್ಯ, ಆರ್ಥಿಕ ಸ್ಥಿತಿ ಬೇರೆ ಇರಬಹುದು, ಅದನ್ನ ಈ ಜೋಡಿ ಲೆಕ್ಕ ಸರಿಪಡಿಸಲ್ಲ. ಆದರೂ ವ್ಯತ್ಯಾಸ ಇಷ್ಟು ದೊಡ್ಡದಿರುವಾಗ ಸುಮ್ಮನೆ ಕಾಯೋದಕ್ಕೆ ಕಾರಣ ಕೇಳಲೇಬೇಕು.

ಕುಡ್ಲ_ಮಾರಾಯ
ಅಬ್ಬಾ. ನಾಳೆಯೇ ಅಕ್ಕನಿಗೆ ಫೋನ್ ಮಾಡ್ತೇನೆ.

ಸ್ವದೇಶಿ_ವೈದ್ಯ
ಇಷ್ಟೆಲ್ಲ ಇಂಗ್ಲಿಷ್ ಔಷಧಿ ಯಾಕೆ? ಪುನರ್ನವ, ಅಮೃತಬಳ್ಳಿ ಕಷಾಯ ಕೊಟ್ಟರೆ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಲ್ಮಶ) ಇಳಿಯುತ್ತೆ. ಕಸಿ ಮಾಡಿಸಿದ ಮೇಲೂ ಕೊಡಬಹುದು, ಶಕ್ತಿ ಬರುತ್ತೆ.

ಮೈಸೂರು_ನೆಫ್ರೋ
@ಸ್ವದೇಶಿ_ವೈದ್ಯ ದಯವಿಟ್ಟು ಇದನ್ನು ಇಲ್ಲಿ ಬರೆಯಬೇಡಿ. ಕಸಿ ಆದವರು ಜೀವನಪೂರ್ತಿ ಮಾತ್ರೆ ತಿನ್ನೋದು ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಇಡೋಕೆ. ಅದನ್ನು ಹೆಚ್ಚಿಸುತ್ತೆ ಅಂತಲೇ ಮಾರುವ ಅಮೃತಬಳ್ಳಿಯನ್ನು ಅದೇ ರೋಗಿಗೆ ಕೊಟ್ಟರೆ ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೋ ಹಾಗೆ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ತಿಂದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಕಸಿ ಆದವರ ಮೇಲೆ ಪ್ರಯೋಗ ಬೇಡ.

ಸ್ವದೇಶಿ_ವೈದ್ಯ
ನಿಮಗೆ ಕಂಪನಿ ದುಡ್ಡು ಕೊಡುತ್ತೆ.

ನಿರ್ವಾಹಕ
ವೈಯಕ್ತಿಕ ಆರೋಪ ಬೇಡ. ಮುಂದಿನ ಸಲ ಕಾಮೆಂಟ್ ತೆಗೆಯಲಾಗುತ್ತೆ.

ದಾವಣಗೆರೆ_ಅಕ್ಕ
ಎಲ್ರಿಗೂ ತುಂಬಾ ಧನ್ಯವಾದ, ತಮ್ಮನ ವಿಷಯ ಸ್ಪಷ್ಟ ಆಯ್ತು. ಈಗ ಅಮ್ಮ. ಅಮ್ಮನಿಗೆ 54. ಒಂದು ಕಿಡ್ನಿಯಲ್ಲಿ ಆರಾಮಾಗಿ ಇರಬಹುದು ಅಂತ ಎಲ್ರೂ ಹೇಳ್ತಾರೆ. ಎಷ್ಟರ ಮಟ್ಟಿಗೆ ನಿಜ?

ತುಮಕೂರು_ತಾಯಿ
ಅಮ್ಮಾ ನಾನು ಮಗನಿಗೆ ಕೊಟ್ಟಿದೀನಿ. ಮೂರು ತಿಂಗಳು ಭಾರ ಎತ್ತಬೇಡಿ ಅಂದ್ರು, ಬಗ್ಗಿ ಕಸ ಗುಡಿಸೋಕೂ ಬಿಡಲಿಲ್ಲ ಸೊಸೆ. ಆಮೇಲೆ ಏನೂ ತೊಂದರೆ ಇಲ್ಲ. ಆದರೆ ಒಂದು ಮಾತು ಹೇಳ್ತೀನಿ. ಆಪರೇಷನ್ ಆದ ಮೇಲೆ ಎಲ್ಲರೂ ಮಗನ್ನೇ ನೋಡ್ತಾರೆ. ಅವನಿಗೆ ಮಾತ್ರೆ, ಅವನಿಗೆ ಟೆಸ್ಟು, ಅವನಿಗೆ ಬಿಸಿನೀರು. ಕೊಟ್ಟವಳು ಚೆಕಪ್‌ಗೆ ಹೋದಳಾ ಅಂತ ಕೇಳೋರಿಲ್ಲ. ನನ್ನ ಬಿ.ಪಿ. ಏರಿದ್ದು ಗೊತ್ತಾಗಿದ್ದೇ ಮಗಳು ಬಲವಂತ ಮಾಡಿ ಕರ್ಕೊಂಡು ಹೋದಾಗ. ನಿಮ್ಮ ಅಮ್ಮನ್ನ ವರ್ಷಕ್ಕೊಂದು ಸಲ ತಪ್ಪದೆ ತೋರಿಸಿ.

ಅಂಕಿಸಂಖ್ಯೆ_ದುರ್ಗ
ತಾಯಿ ಹೇಳಿದ್ದು ಬಹಳ ಮುಖ್ಯ. ಅದಕ್ಕೆ ಸಂಖ್ಯೆ ಸೇರಿಸ್ತೀನಿ.

2009ರಲ್ಲಿ ನಮ್ಮ ಮಿನ್ನೆಸೋಟ ವಿಶ್ವವಿದ್ಯಾಲಯದ ಅಧ್ಯಯನ ಬಂತು. 1963ರಿಂದ 2007ರ ತನಕ ಅಲ್ಲಿ ಕಿಡ್ನಿ ಕೊಟ್ಟ 3,698 ಜನ. ಅವರ ಆಯುಷ್ಯ ಸಾಮಾನ್ಯ ಜನರಷ್ಟೇ ಇತ್ತು, ಕಿಡ್ನಿ ವೈಫಲ್ಯ 11 ಜನರಿಗೆ ಮಾತ್ರ. ಎಲ್ಲರೂ ನೆಮ್ಮದಿ ಪಟ್ಟರು. ಆದರೆ ದಾನಿಗಳು ಸಾಮಾನ್ಯ ಜನ ಅಲ್ಲವಲ್ಲ? ಹತ್ತಾರು ಟೆಸ್ಟ್ ಮಾಡಿ, ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ ಅಂತ ಆರಿಸಿದವರು. ಹುಬ್ಬಳ್ಳಿಯವರು ಮೇಲೆ ಎತ್ತಿದ ತಕರಾರೇ ಇಲ್ಲಿಗೂ ಬಂತು. ಅಷ್ಟೇ ಆರೋಗ್ಯವಂತರಾಗಿದ್ದು ಕಿಡ್ನಿ ಕೊಡದವರ ಜೊತೆ ಹೋಲಿಸಬೇಕಿತ್ತು.

ಅದನ್ನ ಮಾಡಿದ್ದು 2014ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ, 96,217 ದಾನಿಗಳು. 15 ವರ್ಷದೊಳಗೆ ಕಿಡ್ನಿ ವೈಫಲ್ಯ ದಾನಿಗಳಲ್ಲಿ 10,000ಕ್ಕೆ 30.8, ಹೋಲಿಕೆಗೆ ತಗೊಂಡ ಆರೋಗ್ಯವಂತರಲ್ಲಿ 10,000ಕ್ಕೆ 3.9.

ಹುಬ್ಬಳ್ಳಿ_ಮಂದಿ
ಎಂಟು ಪಟ್ಟು ಆತಲ್ರೀ! ಇದನ್ಯಾಕ ಯಾರೂ ಹೇಳೂದಿಲ್ಲ?

ಶಿವಮೊಗ್ಗ_ಸೀಮೆ
ಎಂಟು ಪಟ್ಟು ಅಂತ ಹೆದರಿಸಬೇಡಿ ಮಾರಾಯ್ರೇ, 10,000ಕ್ಕೆ 31 ಅಂದ್ರೆ ನೂರಕ್ಕೆ ಒಬ್ಬರೂ ಇಲ್ಲ, 0.31 ಅಷ್ಟೇ. 9,969 ಜನಕ್ಕೆ ಏನೂ ಆಗಿಲ್ಲ.

ಹುಬ್ಬಳ್ಳಿ_ಮಂದಿ
ಏನೂ ಆಗಿಲ್ಲ ಅಂತಲ್ಲ, ಕಿಡ್ನಿ ಪೂರ್ತಿ ಹೋಗಿಲ್ಲ ಅಂತ. ಬಿ.ಪಿ. ಏರಿದ್ದು ಆ ಲೆಕ್ಕದಾಗ ಇಲ್ಲ. ತಾಯಿಯವರು ಈಗಷ್ಟ ಹೇಳಿದ್ರಲ್ಲ.

ಅಂಕಿಸಂಖ್ಯೆ_ದುರ್ಗ
ಇಬ್ಬರೂ ಹೇಳಿದ್ದು ಸರಿ, ಎರಡನ್ನೂ ಒಟ್ಟಿಗೆ ಹೇಳಬೇಕು. ಬರೀ ಎಂಟು ಪಟ್ಟು ಅಂದ್ರೆ ಜನ ಓಡಿ ಹೋಗ್ತಾರೆ, ಬರೀ 0.3% ಅಂದ್ರೆ ಅಪಾಯವೇ ಇಲ್ಲ ಅಂದ್ಕೊಳ್ತಾರೆ. ಇನ್ನು ಆಪರೇಷನ್ನಿನದೇ ಅಪಾಯ. ಅಮೆರಿಕದಲ್ಲಿ ಮೊದಲು ದಾನಿಗಳಲ್ಲಿ 90 ದಿನದೊಳಗಿನ ಸಾವು 10,000ಕ್ಕೆ ಸುಮಾರು 3 ಇತ್ತು, 2024ರ ವರದಿ ಪ್ರಕಾರ ಇತ್ತೀಚಿನ ದಶಕದಲ್ಲಿ 1ಕ್ಕಿಂತ ಕೆಳಗೆ ಬಂದಿದೆ.

ವಯಸ್ಸಿನ ಬಗ್ಗೆಯೂ ಹೇಳಬೇಕು. 54ಕ್ಕೆ ಎಲ್ಲಾ ಟೆಸ್ಟಿನಲ್ಲಿ ಪಾಸಾದವರ ಮುಂದಿನ ಅಪಾಯ ಅಳೆಯೋದು 25 ವರ್ಷದವರದ್ದಕ್ಕಿಂತ ಸುಲಭ. ಸಕ್ಕರೆ ಕಾಯಿಲೆ, ಬಿ.ಪಿ. ಬರೋದಿದ್ರೆ ಬಹಳ ಜನರಿಗೆ ಅಷ್ಟು ಹೊತ್ತಿಗೆ ಕಾಣಿಸಿಕೊಂಡಿರುತ್ತೆ. 25ರವರಿಗೆ ಮುಂದೆ ಐವತ್ತು ವರ್ಷ ಬಾಕಿ ಇದೆ, 15 ವರ್ಷದ ಅಧ್ಯಯನ ಅವರಿಗೆ ಸಾಲದು.

ದಾವಣಗೆರೆ_ಅಕ್ಕ
ಅಮ್ಮನದು ಟೆಸ್ಟಿನಲ್ಲಿ ಆಗಲ್ಲ ಅಂತ ಬಂದ್ರೆ ನಾನೇ ಕೊಡಬೇಕು ಅಂತಿದೀನಿ. ನನಗೆ 31, ಮದುವೆ ಆಗಿಲ್ಲ.

ಕೋಲಾರ_ಟೀಚರ್
ನಾನು ಬಹಳ ಹೊತ್ತಿನಿಂದ ಓದ್ತಾ ಇದ್ದೆ, ಈಗ ಕೇಳಲೇಬೇಕು. ಅಮ್ಮ ಆಗದಿದ್ರೆ ಅಕ್ಕ. ಅಪ್ಪ ಎಲ್ಲಿ? ಅಣ್ಣ ತಮ್ಮಂದಿರು ಬೇರೆ ಯಾರೂ ಇಲ್ವಾ? 1995ರಿಂದ 2021ರ ವರೆಗೆ ಈ ದೇಶದಲ್ಲಿ ಆದ 36,640 ಅಂಗಾಂಗ ಕಸಿಗಳಲ್ಲಿ 29 ಸಾವಿರಕ್ಕೂ ಹೆಚ್ಚು ಗಂಡಸರಿಗೆ, 6,945 ಹೆಂಗಸರಿಗೆ. ಬದುಕಿರುವ ದಾನಿಗಳಲ್ಲಿ ಐವರಲ್ಲಿ ನಾಲ್ವರು ಹೆಂಗಸರು, ಹೆಚ್ಚಿನವರು ಹೆಂಡತಿ ಅಥವಾ ತಾಯಿ. ಹೆಂಗಸರಿಗೆ ಕಿಡ್ನಿ ಹೋಗೋದೇ ಇಲ್ವಾ? ಫಲಿತಾಂಶದ ಸಂಶೋಧನೆ ಅಂತೀರಿ, ಕಸಿ ಆಗದೇ ಸತ್ತ ಹೆಂಗಸರು ಯಾವ ಫಲಿತಾಂಶದ ಪಟ್ಟಿಯಲ್ಲಿ ಬರ್ತಾರೆ?

ಕುಡ್ಲ_ಮಾರಾಯ
ಎಲ್ಲದಕ್ಕೂ ಗಂಡು ಹೆಣ್ಣು ತರುದು ಯಾಕೆ? ತಾಯಿ ಪ್ರೀತಿಯಿಂದ ಕೊಡುದು.

ಕೋಲಾರ_ಟೀಚರ್
ಪ್ರೀತಿ ಇಲ್ಲ ಅಂತ ಯಾರು ಹೇಳಿದ್ರು? ಗಂಡನಿಗೂ ಪ್ರೀತಿ ಇರುತ್ತೆ, ಅಪ್ಪನಿಗೂ ಇರುತ್ತೆ. ಕೊಡೋ ಸರದಿ ಬಂದಾಗ "ದುಡಿಯೋ ಕೈ" ಅಂತ ಅವರನ್ನ ಬಿಡ್ತಾರೆ. ಹೆಂಗಸು ಗದ್ದೆಯಲ್ಲಿ ದುಡಿಯೋದು, ಮನೇಲಿ ದುಡಿಯೋದು ಲೆಕ್ಕಕ್ಕೆ ಇಲ್ಲ.

ತುಮಕೂರು_ತಾಯಿ
ಟೀಚರ್ ಹೇಳಿದ್ದು ನಿಜ. ನಮ್ಮನೇಲಿ ಯಜಮಾನರ ಬ್ಲಡ್ ಗ್ರೂಪ್ ಕೂಡ ಆಗ್ತಿತ್ತು. ಯಾರೂ ಕೇಳಲೇ ಇಲ್ಲ. ನಾನೂ ಕೇಳಲಿಲ್ಲ.

ದಾವಣಗೆರೆ_ಅಕ್ಕ
ಅಪ್ಪ ಇಲ್ಲ ಟೀಚರ್, ತೀರಿಕೊಂಡಿದಾರೆ. ನಾವಿಬ್ಬರೇ ಮಕ್ಕಳು. ಆದರೆ ನೀವು ಕೇಳಿದ್ದು ಒಳ್ಳೇದಾಯ್ತು.

ಮೈಸೂರು_ನೆಫ್ರೋ
ದಾವಣಗೆರೆಯವರೇ, ನೀವು ಕೊಡೋ ಮಾತಾದರೆ ಇದು ಗೊತ್ತಿರಲಿ. 2015ರಲ್ಲಿ ಕೆನಡಾದ ಒಂದು ಅಧ್ಯಯನ ಬಂತು. ಕಿಡ್ನಿ ಕೊಟ್ಟ ನಂತರ ಗರ್ಭಿಣಿಯಾದವರಲ್ಲಿ ಬಸಿರಿನ ಬಿ.ಪಿ. ಅಥವಾ ಪ್ರೀಎಕ್ಲಾಂಪ್ಸಿಯಾ (ಬಸಿರಿನಲ್ಲಿ ಬಿ.ಪಿ. ಏರಿ ಅಂಗಾಂಗಗಳಿಗೂ ಪೆಟ್ಟಾಗೋ ತೊಂದರೆ) 11%, ಅಷ್ಟೇ ಆರೋಗ್ಯವಂತ ದಾನಿಗಳಲ್ಲದವರಲ್ಲಿ 5%. ತಾಯಿ ಮಗು ಇಬ್ಬರೂ ಹೆಚ್ಚಿನವರಲ್ಲಿ ಚೆನ್ನಾಗೇ ಇದ್ದರು, ಆದರೆ ಹೆರಿಗೆ ತನಕ ಹೆಚ್ಚು ನಿಗಾ ಬೇಕು. ಕೊಡಬೇಡಿ ಅಂತಲ್ಲ, ತಿಳಿದು ತೀರ್ಮಾನ ಮಾಡಿ.

ನಿಮ್ಮಿಬ್ಬರದೂ ಹೊಂದದಿದ್ದರೆ ಅದಲು ಬದಲು ಕಸಿ ಇದೆ, ಸ್ವಾಪ್ ಅಂತಾರೆ. ನಿಮ್ಮ ದಾನಿಯ ಕಿಡ್ನಿ ಇನ್ನೊಂದು ಕುಟುಂಬದ ರೋಗಿಗೆ, ಅವರ ದಾನಿಯದ್ದು ನಿಮ್ಮ ತಮ್ಮನಿಗೆ. 1994ರ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿ ಇದಕ್ಕೆ ಅವಕಾಶ ಕೊಟ್ಟಿದೆ, ಅಜ್ಜ ಅಜ್ಜಿ ಮೊಮ್ಮಕ್ಕಳನ್ನೂ ಹತ್ತಿರದ ಸಂಬಂಧಿಗಳ ಪಟ್ಟಿಗೆ ಸೇರಿಸಿದ್ದು ಅದೇ ತಿದ್ದುಪಡಿ. ಅಹಮದಾಬಾದಿನ ಕಿಡ್ನಿ ಸಂಸ್ಥೆ ಸ್ವಾಪ್ ಕಸಿಯಲ್ಲಿ ಬಹಳ ಮುಂದೆ ಇದೆ.

ಕಲಬುರಗಿ_ಮಾಸ್ತರ
ಜೀವಸಾರ್ಥಕತೆ ಪಟ್ಟಿನಾಗ ಹೆಸರು ಬರಸ್ರಿ, ಅದಕ್ಕ ಯಾಕ ಕಾಯ್ತೀರಿ. ನಮ್ಮ ರಾಜ್ಯದಾಗ ಮೃತ ದಾನಿಗಳ ಅಂಗಾಂಗ ಹಂಚೂದು ಅವರೇ.

ಕುಡ್ಲ_ಮಾರಾಯ
ಅದಕ್ಕೆ ಜನ ಕೊಡಬೇಕಲ್ಲ. ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಎಲ್ಲ ಕಡೆ ಫಾರ್ಮ್ ತುಂಬಿಸಿದ್ರು. ಅವರದ್ದೆಲ್ಲ ಕಿಡ್ನಿ ಸಿಗುವುದಿಲ್ಲವಾ?

ಕಲಬುರಗಿ_ಮಾಸ್ತರ
ಹಂಗಲ್ಲರಿ. ಪುನೀತ್ ಅವರದು ನೇತ್ರದಾನ. ಕಣ್ಣು ಮನ್ಯಾಗ ತೀರಿಕೊಂಡ್ರೂ ಕೆಲವು ತಾಸಿನೊಳಗ ತಗೋಬಹುದು. ಕಿಡ್ನಿ, ಲಿವರ್, ಹಾರ್ಟ್ ಹಂಗ ಬರಂಗಿಲ್ಲ. ನಮ್ಮ ದೇಶದಾಗ ಇವು ಹೆಚ್ಚಾಗಿ ಸಿಗೂದು ಐಸಿಯುನಾಗ ವೆಂಟಿಲೇಟರ್ ಮ್ಯಾಲ ಇದ್ದು, ಮೆದುಳು ಸತ್ತದ ಅಂತ ಘೋಷಣೆ ಆದವರಿಂದ. ನಾಲ್ಕು ಡಾಕ್ಟರ ಸಮಿತಿ, ಆರು ತಾಸು ಅಂತರದಾಗ ಎರಡು ಸಲ ಪರೀಕ್ಷೆ, ಮನಿಯವರ ಒಪ್ಪಿಗಿ. 2021ರಾಗ ನಟ ಸಂಚಾರಿ ವಿಜಯ್ ಬೈಕ್ ಅಪಘಾತ ಆದಾಗ ಅವರ ಕುಟುಂಬದವರು ಒಪ್ಪಿದ್ದು ಇದಕ್ಕ. ಅಂಥಾ ದುಃಖದಾಗ ಅಷ್ಟು ದೊಡ್ಡ ಮನಸು ಮಾಡಿದ್ರು. ಭಾರತದಾಗ ಹತ್ತು ಲಕ್ಷ ಜನಕ್ಕ ಒಬ್ಬ ಮೃತ ದಾನಿನೂ ಇಲ್ಲ, ಸ್ಪೇನ್‌ನಾಗ ಐವತ್ತರ ಸನಿಹ ಅದ.

ವಿಜ್ಞಾನ_ಹುಡುಗ
ಹಂದಿ ಕಿಡ್ನಿ ಬಂದ್ರೆ ದಾನಿ ಬೇಕಾಗೋದೇ ಇಲ್ಲ ಅಲ್ವಾ? ಬೋಸ್ಟನ್‌ನಲ್ಲಿ ಹಾಕಿದಾರೆ.

ಅಂಕಿಸಂಖ್ಯೆ_ದುರ್ಗ
@ವಿಜ್ಞಾನ_ಹುಡುಗ ಹಾಕಿದಾರೆ. 2024ರ ಮಾರ್ಚ್‌ನಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮೊದಲ ಸಲ ಬದುಕಿರುವ ರೋಗಿಗೆ ಜೀನ್ ತಿದ್ದಿದ ಹಂದಿಯ ಕಿಡ್ನಿ ಹಾಕಿದರು, ಎರಡು ತಿಂಗಳಲ್ಲಿ ಅವರು ತೀರಿಕೊಂಡರು. ಕಸಿಯಿಂದಲೇ ಅಂತ ಹೇಳೋ ಸೂಚನೆ ಇಲ್ಲ ಅಂತ ಆಸ್ಪತ್ರೆ ಹೇಳಿತು. 2025ರ ಜನವರಿಯಲ್ಲಿ ಅಲ್ಲೇ ಇನ್ನೊಬ್ಬರಿಗೆ ಹಾಕಿದ ಕಿಡ್ನಿ 271 ದಿನ ನಡೆದು ಆಮೇಲೆ ತೆಗೆಯಬೇಕಾಯ್ತು. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವಿಧಿವತ್ತಾದ ಟ್ರಯಲ್‌ಗೆ ಅನುಮತಿ ಕೊಟ್ಟಿದೆ. ಒಬ್ಬೊಬ್ಬರ ಸುದ್ದಿ ಬಿಟ್ಟು ಗುಂಪಿನ ಲೆಕ್ಕ ಸಿಗೋದು ಅದರಿಂದ. ಈಗ ಡಯಾಲಿಸಿಸ್‌ನಲ್ಲಿ ಇರೋರು ಅದಕ್ಕೆ ಅಂತ ಕಾಯಬಾರದು.

ಶಿವಮೊಗ್ಗ_ಸೀಮೆ
ಡಾಕ್ಟ್ರೇ, ಒಂದು ನನ್ನ ಪ್ರಶ್ನೆ. ಕಸಿ ಕಿಡ್ನಿಯನ್ನ ದೇಹ ತಿರಸ್ಕರಿಸದ ಹಾಗೆ ತಗೊಳ್ಳೋ ಟ್ಯಾಕ್ರೊಲಿಮಸ್ ಮಾತ್ರೆ ಕಡಿಮೆ ಡೋಸ್ ಸಾಕು ಅಂತ ಯಾವುದೋ ದೊಡ್ಡ ಟ್ರಯಲ್ ಹೇಳಿದೆ ಅಂತ ವಾಟ್ಸಾಪ್ ಗುಂಪಿನಲ್ಲಿ ಬಂತು. ನಂಗೆ ಕೈ ನಡುಕ ಬರುತ್ತೆ. ಕಡಿಮೆ ಮಾಡ್ಕೊಳ್ಲಾ?

ಮೈಸೂರು_ನೆಫ್ರೋ
ನೀವಾಗಿ ಕಡಿಮೆ ಮಾಡ್ಕೋಬೇಡಿ. ದಯವಿಟ್ಟು.

ಅದು ಸಿಂಫನಿ ಟ್ರಯಲ್, 2007. 1,645 ರೋಗಿಗಳನ್ನು ಲಾಟರಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿ, ಸೈಕ್ಲೋಸ್ಪೋರಿನ್ ಮಾಮೂಲಿ ಡೋಸ್, ಸೈಕ್ಲೋಸ್ಪೋರಿನ್ ಕಡಿಮೆ ಡೋಸ್, ಟ್ಯಾಕ್ರೊಲಿಮಸ್ ಕಡಿಮೆ ಡೋಸ್, ಸಿರೊಲಿಮಸ್ ಕಡಿಮೆ ಡೋಸ್ ಅಂತ ಕೊಟ್ಟರು. ಒಂದು ವರ್ಷಕ್ಕೆ ಕಿಡ್ನಿ ಕೆಲಸ, ದೇಹ ಅದನ್ನು ತಿರಸ್ಕರಿಸದೆ ಇರೋದು, ಕಿಡ್ನಿ ಉಳಿಯೋದು ಮೂರರಲ್ಲೂ ಟ್ಯಾಕ್ರೊಲಿಮಸ್ ಗುಂಪೇ ಮೇಲು. ಇವತ್ತು ಜಗತ್ತಿನ ಬಹುತೇಕ ಕಡೆ ಟ್ಯಾಕ್ರೊಲಿಮಸ್, ಮೈಕೋಫಿನೊಲೇಟ್, ಸ್ಟೀರಾಯ್ಡ್ ಮೂರೂ ಔಷಧ ಸೇರಿಸಿ ಕೊಡೋದರ ಹಿಂದೆ ಆ ಟ್ರಯಲ್ ಇದೆ.

ವಾಟ್ಸಾಪ್‌ನಲ್ಲಿ ಬಾರದ ಭಾಗ ಹೇಳ್ತೀನಿ. ರಕ್ತದಲ್ಲಿ ಔಷಧದ ಗುರಿ ಮಿಲಿಲೀಟರಿಗೆ 3ರಿಂದ 7 ನ್ಯಾನೋಗ್ರಾಂ ಇಟ್ಟುಕೊಂಡಿದ್ದರೂ ರೋಗಿಗಳ ಸರಾಸರಿ ಮಟ್ಟ ಇದ್ದದ್ದು ಅದರ ಮೇಲಿನ ತುದಿಯಲ್ಲಿ. ಜೊತೆಗೆ ಶುರುವಿನಲ್ಲಿ ಡಾಕ್ಲಿಜುಮಾಬ್ ಅನ್ನೋ ಇಂಜೆಕ್ಷನ್ ಕೊಟ್ಟಿದ್ದರು, ಆ ಔಷಧ ಈಗ ಮಾರುಕಟ್ಟೆಯಲ್ಲೇ ಇಲ್ಲ. "ಕಡಿಮೆ ಡೋಸ್" ಅನ್ನೋ ಎರಡು ಪದ ಹಿಡಿದು ಮಾತ್ರೆ ಅರ್ಧ ಮಾಡಿದವರ ಕಿಡ್ನಿ ಹೋಗಿದ್ದು ನಾನು ಕಣ್ಣಾರೆ ನೋಡಿದೀನಿ. ನಡುಕ ಇದ್ರೆ ಮುಂದಿನ ಭೇಟಿ ತನಕ ಕಾಯದೆ ನಿಮ್ಮ ಡಾಕ್ಟರಿಗೆ ಹೇಳಿ, ಮಟ್ಟ ನೋಡಿ ಅವರು ಬದಲಾಯಿಸ್ತಾರೆ.

ನಮ್ಮ ಕಡೆಯ ಎರಡು ವಿಷಯ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಟ್ಯಾಕ್ರೊಲಿಮಸ್ ಮಟ್ಟವನ್ನು ಧಡಕ್ಕನೆ ಇಳಿಸುತ್ತೆ. ಕಸಿ ಆದವರಿಗೆ ಕ್ಷಯ ಬಂದರೆ ಎರಡೂ ಕಡೆ ಡಾಕ್ಟರಿಗೆ ಗೊತ್ತಿರಬೇಕು. ಇನ್ನೊಂದು ಚಕ್ಕೋತ. ಅದು ಉಲ್ಟಾ, ಮಟ್ಟವನ್ನು ಏರಿಸುತ್ತೆ.

ನಂದಿಬೆಟ್ಟ_ರೈತ
ಚಕ್ಕೋತನಾ? ನಾವು ದೇವನಹಳ್ಳಿ ಕಡೆಯವರು ಸಾರ್, ನಮ್ಮದು ಜಿಐ ಟ್ಯಾಗ್ ಸಿಕ್ಕಿರೋ ಹಣ್ಣು. ಅದರಲ್ಲಿ ಏನು ದೋಷ?

ಮೈಸೂರು_ನೆಫ್ರೋ
ಹಣ್ಣಿನಲ್ಲಿ ದೋಷ ಇಲ್ಲ ಸ್ವಾಮಿ, ನನಗೂ ಇಷ್ಟ. ವಿದೇಶದ ಗ್ರೇಪ್‌ಫ್ರೂಟ್ ಚಕ್ಕೋತ ಮತ್ತು ಕಿತ್ತಳೆ ಸೇರಿ ಆದ ಮಿಶ್ರತಳಿ. ಎರಡರಲ್ಲೂ ಇರೋ ಒಂದು ಅಂಶ, ಕರುಳಿನಲ್ಲಿ ಈ ಔಷಧವನ್ನು ಒಡೆಯುವ ಕಿಣ್ವವನ್ನು ತಡೆಯುತ್ತೆ. ಅದರಿಂದ ರಕ್ತಕ್ಕೆ ಹೆಚ್ಚು ಔಷಧ ಸೇರುತ್ತೆ, ಕಿಡ್ನಿಗೇ ವಿಷ ಆಗಬಹುದು. ಕಸಿ ಆದವರು ಮಾತ್ರ ಬಿಡಬೇಕು, ಉಳಿದವರು ಧಾರಾಳ ತಿನ್ನಲಿ.

ನಂದಿಬೆಟ್ಟ_ರೈತ
ಹಂಗಾದ್ರೆ ಸರಿ. ನಮ್ಮೂರಲ್ಲಿ ಒಬ್ಬರು ಕಸಿ ಮಾಡಿಸ್ಕೊಂಡಿದಾರೆ, ಪ್ರತಿ ವರ್ಷ ಹಣ್ಣು ಕೊಟ್ಟು ಬರ್ತಿದ್ದೆ. ಇವತ್ತೇ ಹೇಳ್ತೀನಿ.

ಕಲಬುರಗಿ_ಮಾಸ್ತರ
ಔಷಧದ ಕಥಿ ಬಂತು ಅಂತ ಹೇಳ್ತೀನಿ. 1954ರ ಡಿಸೆಂಬರ್ 23ಕ್ಕ ಬೋಸ್ಟನ್‌ನಾಗ ಜೋಸೆಫ್ ಮರ್ರಿ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿ, ತದ್ರೂಪಿ ಅವಳಿಗಳ ನಡುವ ಇತ್ತು. ಆಗ ದೇಹ ತಿರಸ್ಕಾರ ಮಾಡೂದನ್ನ ತಡಿಯೋ ಔಷಧ ಇರಲಿಲ್ಲ, ಅವಳಿ ಆಗಿದ್ದಕ್ಕ ನಡೀತು. ಕಿಡ್ನಿ ಕೊಟ್ಟ ಅವಳಿ ಸೋದರ 2010ರ ತನಕ ಬದುಕಿದ್ರು. ನಮ್ಮ ದೇಶದಾಗ ಮೊದಲ ಯಶಸ್ವಿ ಕಸಿ 1971ರಾಗ ವೆಲ್ಲೂರಿನ ಸಿಎಂಸಿ ಆಸ್ಪತ್ರಿಯಾಗ ಆತು. ತಿರಸ್ಕಾರ ತಡಿಯೋ ಸೈಕ್ಲೋಸ್ಪೋರಿನ್‌ಗೆ ಅಮೆರಿಕಾದಾಗ ಅನುಮತಿ ಸಿಕ್ಕಿದ್ದು 1983ರಾಗ. ನಾರ್ವೆ ಮಣ್ಣಿನಾಗ ಸಿಕ್ಕ ಒಂದು ಬೂಷ್ಟಿನಿಂದ ಬಂದ ಔಷಧ ಅದು. ಅದು ಬಂದ ಮ್ಯಾಲ ಅವಳಿ ಅಲ್ಲದವರಿಗೂ ಕಸಿ ದಿನನಿತ್ಯದ ಚಿಕಿತ್ಸಾ ಆತು.

ಹುಬ್ಬಳ್ಳಿ_ಮಂದಿ
ಮಾಸ್ತರ ಛಲೋ ಹೇಳಿದ್ರಿ. ಆದ್ರ ನಾ ಮತ್ತ ಮೂಲಕ್ಕ ಬರ್ತೀನಿ. ಇಷ್ಟೆಲ್ಲಾ ಅಮೆರಿಕಾ, ಕೆನಡಾ ಲೆಕ್ಕ ಹೇಳಿದ್ರಿ. ನಮ್ಮ ಆಸ್ಪತ್ರಿಗಳ ಲೆಕ್ಕ ಎಲ್ಲೈತಿ?

ಅಂಕಿಸಂಖ್ಯೆ_ದುರ್ಗ
ಇದೇ ನನಗೂ ನೋವಿನ ವಿಷಯ. ಅಮೆರಿಕದಲ್ಲಿ ಪ್ರತಿ ಕಸಿ ಕೇಂದ್ರದ ಫಲಿತಾಂಶ ವರ್ಷಕ್ಕೆರಡು ಸಲ ಸಾರ್ವಜನಿಕವಾಗಿ ಬರುತ್ತೆ. ರೋಗಿಗಳ ವಯಸ್ಸು, ಇತರ ಕಾಯಿಲೆ ಎಲ್ಲಾ ಸರಿದೂಗಿಸಿ, ನಿರೀಕ್ಷೆಗಿಂತ ಮೇಲಾ ಕೆಳಗಾ ಅಂತ ಯಾರು ಬೇಕಾದ್ರೂ ನೋಡಬಹುದು. ಬ್ರಿಟನ್‌ನಲ್ಲೂ ಪ್ರಕಟ ಮಾಡ್ತಾರೆ. ನಮ್ಮಲ್ಲಿ ಎಷ್ಟು ಕಸಿ ಆಯ್ತು ಅನ್ನೋ ಲೆಕ್ಕ ಸಿಗುತ್ತೆ. ಯಾವ ಆಸ್ಪತ್ರೆಯಲ್ಲಿ ಐದು ವರ್ಷಕ್ಕೆ ಎಷ್ಟು ಕಿಡ್ನಿ ಉಳೀತು ಅಂತ ಹೋಲಿಸಿ ನೋಡೋಕೆ ರೋಗಿಗೆ ದಾರಿಯಿಲ್ಲ. ಕಿಡ್ನಿ ಕೊಡೋ ಮನೆಯವರಿಗೆ ಇದನ್ನ ತಿಳಿಯೋ ಹಕ್ಕು ಇರಬೇಕು.

ಮೈಸೂರು_ನೆಫ್ರೋ
ಒಪ್ತೀನಿ, ಆದರೆ ವೈದ್ಯರ ಕಡೆಯ ಒಂದು ಆತಂಕವೂ ಇದೆ. ಸಂಖ್ಯೆ ಪ್ರಕಟ ಆದರೆ ಕೆಲವು ಕೇಂದ್ರಗಳು ಕಷ್ಟದ ರೋಗಿಗಳನ್ನು ತಗೊಳ್ಳೋದನ್ನೇ ಬಿಡಬಹುದು. ಅಮೆರಿಕದಲ್ಲೂ ಈ ಚರ್ಚೆ ನಡೆದಿದೆ.

ಕೋಲಾರ_ಟೀಚರ್
ಅದಕ್ಕೇ ಸರಿದೂಗಿಸಿ ಪ್ರಕಟಿಸಿ ಅನ್ನೋದು. ಏನೂ ಪ್ರಕಟಿಸದೆ ಇರೋದಕ್ಕೆ ಅದು ನೆಪ ಆಗಬಾರದು ಡಾಕ್ಟ್ರೇ.

ಮೈಸೂರು_ನೆಫ್ರೋ
ನೆಪ ಆಗಬಾರದು, ನಿಜ.

ದಾವಣಗೆರೆ_ಅಕ್ಕ
ಹಾಗಾದ್ರೆ ಮುಂದಿನ ಸಲ ಹೋದಾಗ ನಾನು ಆಸ್ಪತ್ರೆಯವರಿಗೆ ನಿಖರವಾಗಿ ಏನು ಕೇಳಲಿ?

ಅಂಕಿಸಂಖ್ಯೆ_ದುರ್ಗ
ನಿಮ್ಮಲ್ಲೇ ಐದು ವರ್ಷದ ಹಿಂದೆ ತಾಯಿ ಅಥವಾ ತಂದೆಯಿಂದ ಕಿಡ್ನಿ ಪಡೆದ ನೂರು ಜನರಲ್ಲಿ ಇವತ್ತು ಎಷ್ಟು ಜನ ಬದುಕಿದಾರೆ, ಎಷ್ಟು ಜನರ ಕಿಡ್ನಿ ನಡೀತಿದೆ, ಎಷ್ಟು ಜನರ ಸುದ್ದಿಯೇ ನಿಮಗಿಲ್ಲ ಅಂತ ಕೇಳಿ. ಕೊನೇದನ್ನ ಬಿಡಬೇಡಿ. ಫಾಲೋಅಪ್‌ಗೆ ಬಾರದವರನ್ನ ಲೆಕ್ಕದಿಂದ ಬಿಟ್ಟರೆ ಯಾವ ಆಸ್ಪತ್ರೆ ಬೇಕಾದ್ರೂ 95 ಆಗುತ್ತೆ. ದಾನಿಗಳನ್ನ ಎಷ್ಟು ವರ್ಷ ನೋಡಿಕೊಳ್ತೀರಿ, ಅದರ ಖರ್ಚು ಯಾರದು ಅಂತಲೂ ಕೇಳಿ.

ಡಯಾಲಿಸಿಸ್_ಟೆಕ್ನಿಷಿಯನ್
ಬಿಪಿಎಲ್ ಕಾರ್ಡ್ ಇದ್ರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಕಡೆಯಿಂದ ಕಸಿಗೆ ನೆರವಿದೆ, ಅದನ್ನೂ ವಿಚಾರಿಸಿ. ಬೆಂಗಳೂರಿನ ವಿಕ್ಟೋರಿಯಾ ಆವರಣದ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆಯಲ್ಲೂ ಒಂದು ಸಲ ತೋರಿಸಿ, ಎರಡನೇ ಅಭಿಪ್ರಾಯ ಸಿಗುತ್ತೆ.

ಶಿವಮೊಗ್ಗ_ಸೀಮೆ
ಡಾಕ್ಟ್ರೇ ಮಟ್ಟ ನೋಡೋ ರಕ್ತ ನಾಳೆ ಕೊಡ್ತಿದೀನಿ. ಬೆಳಿಗ್ಗೆ ಮಾತ್ರೆ ತಗೊಂಡು ಹೋಗ್ಲಾ?

ಮೈಸೂರು_ನೆಫ್ರೋ
ಬೇಡ. ರಾತ್ರಿಯ ಮಾತ್ರೆ ಆಗಿ 12 ಗಂಟೆಗೆ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಿ. ಮಾತ್ರೆ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ರಕ್ತ ಕೊಟ್ಟ ತಕ್ಷಣ ನುಂಗಿ.